ಪಾಸ್ಟರರ ಪಾಲಿನ ಮೊದಲ ರೊಟ್ಟಿ

ನನಗೊಂದು ಚಾಳಿ ಇದೆ. ಊಟಕ್ಕೆ ಕೂತರೆ ಮೊದಲ ತುತ್ತು ನೇರವಾಗಿ ಬಾಯಿಗೆ ಹೋಗುವುದಿಲ್ಲ. ಎದೆಯ ಹತ್ತಿರ ಒಂದು ಕ್ಷಣ ನಿಂತು ಆಮೇಲೆ ಮೇಲಕ್ಕೆ ಹೋಗುತ್ತದೆ. ಇಷ್ಟು ವರ್ಷ ನನ್ನ ಜೊತೆ ಸಂಸಾರ ಮಾಡಿದ ಗಂಡನಿಗೇ ಇದು ಗೊತ್ತಿಲ್ಲ. ಊಟಕ್ಕೆ ಕೂತಾಗ ಅವರು ತಟ್ಟೆ ಬಿಟ್ಟು ಬೇರೆ ಏನನ್ನೂ ನೋಡಿದವರಲ್ಲ. ಆದರೆ ಕಳೆದ ತಿಂಗಳು ನಮ್ಮ ಚರ್ಚಿನ ಸಭೆಯ ಸುಗ್ಗಿ ಹಬ್ಬದ ಊಟದಲ್ಲಿ ಎದುರಿಗೆ ಕೂತಿದ್ದ ಶೀಬಾ ಎಂಬ ಹುಡುಗಿ ನನ್ನನ್ನು ಹಿಡಿದುಬಿಟ್ಟಳು. ಅವಳು ಯುವಜನರ ಕೂಟದ ಕಾರ್ಯದರ್ಶಿ. ಕಣ್ಣು ಚುರುಕು, ನಾಲಿಗೆ ಇನ್ನೂ ಚುರುಕು.

"ಆಂಟಿ, ತುತ್ತನ್ನ ಯಾರಿಗೋ ತೋರ್ಸಿದಂಗಿತ್ತಲ್ಲ, ಯಾರಿಗ್ರಿ?"

"ಉಪ್ಪು ಸರಿ ಐತೇನು ಅಂತ ವಾಸನೆ ನೋಡ್ದೆ" ಅಂದೆ. ಉಪ್ಪಿಗೆ ವಾಸನೆ ಇರುವುದಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅವಳು ನಕ್ಕಳು. ನಾನು ಮಾತ್ರ ಆ ಅನ್ನವನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದೆ. ನಾಚಿಕೆಯಿಂದಲ್ಲ, ಸಿಟ್ಟಿನಿಂದ. ಇಪ್ಪತ್ತೈದು ವರ್ಷ ದಾಟಿದ ಹಳೆಯ ಸಿಟ್ಟು ಅದು. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನಗೆ ರಕ್ತದೊತ್ತಡದ ಮಾತ್ರೆ ಶುರುವಾಗಿದೆ, ಸಿಟ್ಟು ಮಾತ್ರ ಇದ್ದಲ್ಲೇ ಇದೆ.

ಆ ಚಾಳಿ ನನಗೆ ಹತ್ತಿದ್ದು ಗಿರಿಜಮ್ಮ ದೊಡ್ಡಮ್ಮನಿಂದ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಅವರದು ಲಿಂಗಾಯತರ ಮನೆ. ಗಂಡ ತೀರಿಕೊಂಡಿದ್ದರು, ಮಗ ಬಸಣ್ಣನಿಗೆ ಬಟ್ಟೆ ಅಂಗಡಿ. ನಮ್ಮದು ನಾಲ್ಕು ತಲೆಮಾರಿನಿಂದ ಕ್ರೈಸ್ತರ ಮನೆ. ಅಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಅವರು ಮನೆಯನ್ನು ಹರಿಹರದಿಂದ ದಾವಣಗೆರೆಗೆ ಬದಲಾಯಿಸಿದರೇ ಹೊರತು ಸಭೆಯನ್ನು ಬದಲಾಯಿಸಲಿಲ್ಲ. ಪ್ರತಿ ಭಾನುವಾರ ನಾವು ಮೂವರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಹರಿಹರದ ಬಸ್ಸು ಹತ್ತುತ್ತಿದ್ದೆವು. ಇಳಿಯುವಾಗ ಇಸ್ತ್ರಿ ಇರುತ್ತಿರಲಿಲ್ಲ. ನಾನು ಆಗ ಹರಿಹರದಲ್ಲೇ ಒಂದು ಶಿಶುವಿಹಾರದಲ್ಲಿ ಟೀಚರ್ ಆಗಿದ್ದರಿಂದ ವಾರದ ಉಳಿದ ದಿನಗಳೂ ನನಗೆ ಆ ಬಸ್ಸೇ ಗತಿ.

ನನ್ನ ಅಮ್ಮ ಎಸ್ತೇರಮ್ಮ ಮೈಸೂರು ಕಡೆಯವರು. ಮುದ್ದೆ ಕಟ್ಟಿದರೆ ಕೈಯಲ್ಲಿ ಹಿಡಿದು ಮುದ್ದಾಡಬೇಕು, ಅಷ್ಟು ನುಣುಪು. ಆದರೆ ಜೋಳದ ರೊಟ್ಟಿ ಮಾತ್ರ ಅವರ ಕೈಗೆ ಒಲಿಯಲಿಲ್ಲ. ಅವರು ಬಡಿದ ರೊಟ್ಟಿಯನ್ನು ಅಪ್ಪ ಎತ್ತಿ ಹಿಡಿದು "ಇದು ಆಫ್ರಿಕಾ, ಇದು ಶ್ರೀಲಂಕಾ" ಎಂದು ಭೂಗೋಳ ಹೇಳುತ್ತಿದ್ದರು. ಗೋಡೆಯಾಚೆ ಗಿರಿಜಮ್ಮ ದೊಡ್ಡಮ್ಮ ರೊಟ್ಟಿ ಬಡಿಯುವ ಸದ್ದಿಗೆ ನಮಗೆ ಬೆಳಗಾಗುತ್ತಿತ್ತು. ತಟ್‌ತಟ್ ಎಂದು ಒಂದೇ ಹದ. ಆ ಸದ್ದು ನಿಂತ ಐದು ನಿಮಿಷಕ್ಕೆ ಗೋಡೆಯ ಮೇಲೆ ರೊಟ್ಟಿಬುಟ್ಟಿ ಬಂದು ಕೂರುತ್ತಿತ್ತು. "ಎಸ್ತೇರಿ, ತಗೋ. ನಿನ್ನ ಗಂಡ ಪಾಪ ಎಷ್ಟಂತ ನಕಾಶೆ ತಿಂತಾರ" ಎಂದು ದನಿಯೂ ಬರುತ್ತಿತ್ತು.

ಅವರನ್ನು ನಾನು ಇಲ್ಲಿ ದೇವತೆ ಮಾಡಲು ಹೊರಟಿಲ್ಲ. ನಮ್ಮ ಮನೆಯಲ್ಲಿ ಮಾಂಸ ಬೇಯುತ್ತಿತ್ತು, ಹಾಗಾಗಿ ಬೇಯಿಸಿದ್ದು ಏನನ್ನೂ ಅವರು ನಮ್ಮಿಂದ ಮುಟ್ಟುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಅಮ್ಮ ಅವರಿಗಾಗಿಯೇ ಒಂದು ಹೊಸ ಬಾಣಲೆ ತಂದು, ಅದನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಇಟ್ಟು, ಅದರಲ್ಲೇ ಕರ್ಜಿಕಾಯಿ ಕರಿದು ಕೊಟ್ಟರೂ ದೊಡ್ಡಮ್ಮ ಅದನ್ನು ಅಂಗಡಿ ಹುಡುಗರಿಗೆ ಹಂಚಿಬಿಡುತ್ತಿದ್ದರು ಎಂದು ನನಗೆ ಗೊತ್ತಿತ್ತು. ಅಮ್ಮನಿಗೂ ಗೊತ್ತಿತ್ತು. ಆದರೂ ಪ್ರತಿ ವರ್ಷ ಆ ಬಾಣಲೆ ಹೊರಗೆ ಬರುತ್ತಿತ್ತು. ನನಗೆ ಇದರ ಮೇಲೂ ಸಿಟ್ಟಿತ್ತು. "ಅವ್ರು ತಿನ್ನಲ್ಲ, ಯಾಕ್ ಕೊಡ್ತೀಯಾ?" ಎಂದರೆ ಅಮ್ಮ, "ಕೊಡೋದು ನನ್ನ ಕೆಲ್ಸ, ತಿನ್ನೋದು ಅವ್ರ ಕೆಲ್ಸ ಕಣೇ" ಎಂದು ಮತ್ತೆ ಬಾಣಲೆಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು.

ದೊಡ್ಡಮ್ಮನ ಕೊರಳಲ್ಲಿ ಬೆಳ್ಳಿಯ ಕರಡಿಗೆ ಇತ್ತು. ಅದರೊಳಗೆ ಅವರ ಲಿಂಗ. ಒಲೆಯಿಂದ ಇಳಿದ ಮೊದಲ ರೊಟ್ಟಿಯನ್ನು ಅವರು ಆ ಕರಡಿಗೆಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಲಿಂಗಕ್ಕೆ ತೋರಿಸಿ ಆಮೇಲೆ ಬುಟ್ಟಿಗೆ ಹಾಕುತ್ತಿದ್ದರು. ಊಟಕ್ಕೆ ಕೂತಾಗಲೂ ಮೊದಲ ತುತ್ತಿಗೆ ಅದೇ ಮರ್ಯಾದೆ. ನಾನು ಲಂಗ ತೊಡುವ ವಯಸ್ಸಿನಿಂದ ಅದನ್ನು ನೋಡಿದ್ದೆ. ಅವರ ಮನೆಯಲ್ಲಿ ಕೂತು ಉಂಡಾಗ ನಾನೂ ಹಾಗೆ ಮಾಡಲು ಹೋಗಿ, ಎದೆಯ ಮೇಲೆ ತೋರಿಸಲು ಏನೂ ಇಲ್ಲದೆ ಫ್ರಾಕಿನ ಗುಂಡಿಗೆ ತೋರಿಸಿದ್ದೂ ಇದೆ. ಅವರು ಬಿದ್ದುಬಿದ್ದು ನಕ್ಕಿದ್ದರು.

ಇಂಥ ಕಾಲದಲ್ಲಿ ಹರಿಹರದ ನಮ್ಮ ಸಭೆಗೆ ಹೊಸ ಪಾಸ್ಟರ್ ಬಂದರು. ಹೆಸರು ಬೇಡ. ಇನ್ನೂ ಮದುವೆಯಾಗದ, ತೆಳ್ಳಗಿನ, ಶ್ರದ್ಧೆಯ ಮನುಷ್ಯ. ದೊಡ್ಡ ಊರಿನಲ್ಲಿ ದೇವಜ್ಞಾನ ಶಾಸ್ತ್ರ ಓದಿ ಬಂದಿದ್ದರು. ಕೀರ್ತನೆ ಹಾಡಿದರೆ ಕೇಳುವಂತಿತ್ತು, ಜ್ವರ ಬಂದವರ ಮನೆಗೆ ಕರೆಯದೆಯೇ ಹೋಗುತ್ತಿದ್ದರು. ಇದನ್ನೆಲ್ಲ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವರಿಗೆ ಅಡುಗೆ ಬರುವುದಿಲ್ಲವೆಂದು ಸಭೆಯ ಮನೆಗಳು ಮಧ್ಯಾಹ್ನದ ಬುತ್ತಿಗೆ ಪಾಳಿ ಹಾಕಿಕೊಂಡವು. ಬುಧವಾರ ನಮ್ಮದು. ಹೇಗೂ ನಾನು ದಿನಾ ಹರಿಹರಕ್ಕೆ ಹೋಗುವವಳು. ಟಿಫಿನ್ ಕ್ಯಾರಿಯರ್ ಅನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರೆ ಪಲ್ಯದ ಎಣ್ಣೆ ಸೀರೆಗೆ ಇಳಿದು ಶಿಶುವಿಹಾರದ ಮಕ್ಕಳೆಲ್ಲ "ಮಿಸ್, ಬದನೆಕಾಯಿ!" ಎಂದು ಕೂಗುತ್ತಿದ್ದವು.

ಬುಧವಾರದ ಬುತ್ತಿಗೆ ರೊಟ್ಟಿ ಗಿರಿಜಮ್ಮ ದೊಡ್ಡಮ್ಮನದು, ಪಲ್ಯ ಮಾತ್ರ ಅಮ್ಮನದು. ಮೊದಲ ಬುಧವಾರದ ನಂತರದ ಭಾನುವಾರ ಪಾಸ್ಟರ್ ಚರ್ಚಿನ ಬಾಗಿಲಲ್ಲಿ ಅಮ್ಮನನ್ನು ನಿಲ್ಲಿಸಿ, "ಎಸ್ತೇರಮ್ಮನವರೇ, ನಿಮ್ಮ ರೊಟ್ಟಿಯಲ್ಲಿ ಒಂದು ಆಶೀರ್ವಾದ ಇದೆ" ಎಂದರು. ಅಮ್ಮ ಆಗಲೇ "ಅದು ನಂದಲ್ಲ" ಎನ್ನಬೇಕಿತ್ತು. ಬಾಯಿ ತೆರೆದರು, ಆದರೆ ಸುತ್ತ ಇತರ ಪಾಳಿಗಳ ಹೆಂಗಸರು ನಿಂತಿದ್ದರು. ತೆರೆದ ಬಾಯಿ ಹಾಗೇ ನಗುವಾಯಿತು. ಇಪ್ಪತ್ತೈದು ವರ್ಷ ಆಫ್ರಿಕಾ ಬಡಿದವರಿಗೆ ಅಷ್ಟು ಆಸೆ ಇರಬಾರದೇ? ಆಮೇಲೆ ಒಂದು ವರ್ಷ ಅವರು ಆ ಹೊಗಳಿಕೆಯನ್ನು ಮುಖ ಕೆಂಪಗೆ ಮಾಡಿಕೊಂಡು ಹೊತ್ತರು.

ಎರಡು ಸಾವಿರದ ಇಸವಿ ಹತ್ತಿರ ಬರುತ್ತಿದ್ದ ದಿನಗಳು ಅವು. ಲೋಕ ಮುಗಿಯುತ್ತದೆ ಎಂದು ಕೆಲವರು, ಕಂಪ್ಯೂಟರ್ ನಿಂತುಹೋಗುತ್ತದೆ ಎಂದು ಕೆಲವರು ಹೇಳುತ್ತಿದ್ದರು. ಪತ್ರಿಕೆಗಳ ತುಂಬ ಮತಾಂತರದ ಜಗಳ. ಕಾರ್ಖಾನೆಯಲ್ಲಿ ಅಪ್ಪನನ್ನು ಒಬ್ಬರು, "ಏನ್ ಸಮುವೇಲಪ್ಪ, ನಿಮ್ಮೋರು ಅಕ್ಕಿ ಕೊಟ್ಟು ಜಾತಿ ಕೆಡಿಸ್ತಾರಂತಲ್ರಿ?" ಎಂದು ಎಲ್ಲರ ಮುಂದೆ ಕೇಳಿದ್ದರು. ಆ ಪ್ರಶ್ನೆ ಕೇಳಿದವರೂ ಅಪ್ಪನೂ ತಿಂಗಳು ತಿಂಗಳು ಕಾರ್ಖಾನೆಯ ಒಂದೇ ಸೊಸೈಟಿ ಮುಂದೆ ಒಂದೇ ಸಾಲಿನಲ್ಲಿ ಅಕ್ಕಿಗೆ ಚೀಲ ಹಿಡಿದು ನಿಲ್ಲುತ್ತಿದ್ದವರು! ಅವತ್ತು ಮನೆಗೆ ಬಂದ ಅಪ್ಪ ಕಾಫಿ ಕುಡಿಯಲಿಲ್ಲ. ಹೊರಗಿನವರು ಹೀಗೆ ತಿವಿದಂತೆಲ್ಲ, ಸಭೆಯ ಹಿರಿಯರಲ್ಲಿ ಒಬ್ಬರಾಗಿದ್ದ ಅಪ್ಪ ಸಭೆಗೆ ಇನ್ನೂ ಒತ್ತಿಕೊಂಡರು. ಪಾಸ್ಟರ್ ಹೇಳಿದ್ದೇ ಕೊನೆಯ ಮಾತಾಯಿತು. ನನಗೆ ಆ ಪ್ರಶ್ನೆ ಕೇಳಿದವನ ಮೇಲಿರುವ ಸಿಟ್ಟೂ ಸಣ್ಣದಲ್ಲ.

ಪಾಸ್ಟರ್ ಭಾನುವಾರದ ಉಪದೇಶಕ್ಕೆ ಪ್ರಸಂಗಗಳ ಒಂದು ಮಾಲೆಯನ್ನೇ ಶುರುಮಾಡಿದರು. ರಕ್ಷಣೆಗೆ ದಾರಿ ಒಂದೇ, ಬಾಗಿಲು ಒಂದೇ. ಲೋಕದ ಧರ್ಮಗಳೆಲ್ಲ ಹೊಳೆಗಳು, ಸೇರುವುದು ಒಂದೇ ಸಮುದ್ರಕ್ಕೆ ಎನ್ನುವ ಮಾತು ಬಹಳ ಸಿಹಿಯಾದ ಸುಳ್ಳು ಎಂದರು. ಹರಿ ಅರ್ಧ, ಹರ ಅರ್ಧ ಎಂದು ಒಂದೇ ಕಲ್ಲಿನಲ್ಲಿ ಕಡೆದು ನಿಲ್ಲಿಸಿ ಜಗಳ ಮುಗಿಸಿಕೊಂಡ ಊರಿನಲ್ಲಿ ನಿಂತು ಅವರು ಇದನ್ನು ಹೇಳುತ್ತಿದ್ದರು. ಮೂರನೆಯ ವಾರ ಪ್ರಸಾದದ ವಿಷಯ ಬಂತು. ಬೈಬಲಿನಲ್ಲಿ ಅಪೊಸ್ತಲರೊಬ್ಬರು ಬರೆದ ಪತ್ರದಲ್ಲಿ ಇದರ ಮಾತಿದೆ. ಯಾರಾದರೂ ಊಟಕ್ಕೆ ಕರೆದರೆ ಎಲ್ಲಿಂದ ಬಂತು ಏನು ಎಂದು ಕೆದಕದೆ ಉಣ್ಣಿ ಎಂದು ಮೊದಲು ಹೇಳುತ್ತಾರೆ. ಇದು ವಿಗ್ರಹಕ್ಕೆ ಅರ್ಪಿಸಿದ್ದು ಎಂದು ಯಾರಾದರೂ ಬಾಯಿಬಿಟ್ಟು ಹೇಳಿದರೆ, ಹೇಳಿದವರ ಮನಸ್ಸಿನ ಸಲುವಾಗಿ ಬಿಡಿ ಎಂದು ಆಮೇಲೆ ಹೇಳುತ್ತಾರೆ. ನಮ್ಮ ಪಾಸ್ಟರ್ ಎರಡನೆಯದನ್ನು ಮಾತ್ರ ಓದಿದರು. ಅಪ್ಪ ಹೌದು ಹೌದು ಎಂದು ತಲೆಯಾಡಿಸಿದರು. ಅಮ್ಮ ನೆಲ ನೋಡಿದರು. ನಾನು, ನಾಚಿಕೆಯಿಲ್ಲದೆ ಹೇಳುತ್ತೇನೆ, ಮುಂದಿನ ಸಾಲಿನವಳ ಜಡೆಗೆ ಹಾಕಿದ ಕ್ಲಿಪ್ ಎಲ್ಲಿ ಸಿಗುತ್ತದೆ ಎಂದು ಯೋಚಿಸುತ್ತಿದ್ದೆ. ಶಾಸ್ತ್ರ ಎನ್ನುವುದು ನಮ್ಮ ಗೋಡೆಯ ಹತ್ತಿರಕ್ಕೆ ಬರುವ ತನಕ ನನಗೆ ಶಾಸ್ತ್ರವಾಗಿಯೇ ಇತ್ತು.

ಅದು ಬಂದದ್ದು ದೊಡ್ಡಮ್ಮನ ಹೊಟ್ಟೆಯ ಗಡ್ಡೆಯ ರೂಪದಲ್ಲಿ. ಗರ್ಭಕೋಶವನ್ನೇ ತೆಗೆಯಬೇಕು, ಅದು ಕೆಟ್ಟ ಗಡ್ಡೆಯೋ ಅಲ್ಲವೋ ಆಮೇಲೆ ಹೇಳುತ್ತೇವೆ ಎಂದರು ಡಾಕ್ಟರು. ಅಮ್ಮ ಭಾನುವಾರ ಒಂದು ಚೀಟಿಯಲ್ಲಿ "ಗಿರಿಜಮ್ಮನವರ ಆಪರೇಷನ್‌ಗಾಗಿ" ಎಂದು ಬರೆದು ಪ್ರಾರ್ಥನೆಯ ಪೆಟ್ಟಿಗೆಗೆ ಹಾಕಿದರು. ಪಾಸ್ಟರ್ ಒಂದೊಂದೇ ಚೀಟಿ ತೆಗೆದು ಓದಿದರು. ಪರೀಕ್ಷೆ, ವರ್ಗ, ಮಂಡಿನೋವು ಎಲ್ಲ ಬಂತು. ಗಿರಿಜಮ್ಮನ ಸರದಿಗೆ, "ಅನ್ಯರಾದ ಈ ಸಹೋದರಿ ಕತ್ತಲೆಯಿಂದ ಬೆಳಕಿಗೆ ಬರಲಿ" ಎಂದು ಪ್ರಾರ್ಥಿಸಿದರು. ಗಡ್ಡೆಯ ಸುದ್ದಿಯೇ ಇಲ್ಲ.

ಆರಾಧನೆ ಮುಗಿದ ಮೇಲೆ ಅಮ್ಮ ಅವರ ಹತ್ತಿರ ಹೋದರು. ಅಮ್ಮ ಸಭೆಯಲ್ಲಿ ದನಿ ಎತ್ತಿ ಮಾತಾಡಿದವರಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೇಳಿದರು.

"ಪಾಸ್ಟರೇ, ಹೆಚ್ಚುಕಮ್ಮಿ ಆದ್ರೆ ಗಿರಿಜಕ್ಕ ಎಲ್ಲಿಗೆ ಹೋಗ್ತಾರೆ?"

ಪಾಸ್ಟರ್ ತಡಮಾಡಲಿಲ್ಲ. ಅದೇ ನನ್ನನ್ನು ಇವತ್ತಿಗೂ ಉರಿಸುವುದು. ಒಂದು ಗಳಿಗೆಯಾದರೂ ತಡವರಿಸಬೇಕಿತ್ತು, ಗಂಟಲಾದರೂ ಸರಿಮಾಡಿಕೊಳ್ಳಬೇಕಿತ್ತು. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರಿಗೆ ಬೋರ್ಡು ಓದಿ ಹೇಳುವಷ್ಟೇ ಸಲೀಸಾಗಿ, ಬಹಳ ಮೆತ್ತಗೆ, "ಅಮ್ಮಾ, ಬಾಗಿಲು ಒಂದೇ. ಅದರೊಳಗೆ ಬಾರದವರು ಹೊರಗೇ ಉಳಿಯುತ್ತಾರೆ. ಇದು ನನ್ನ ಮಾತಲ್ಲ, ದೇವರ ವಾಕ್ಯದ ಮಾತು" ಎಂದರು. ಆಮೇಲೆ ಅಮ್ಮನ ಕೈಗೆ ಒಂದು ಕರಪತ್ರ ಕೊಟ್ಟು, ಹಾಸಿಗೆ ಹಿಡಿದವರ ಮನಸ್ಸು ಮೆತ್ತಗಿರುತ್ತದೆ, ಇದೇ ಸಮಯ, ಓದಿ ಹೇಳಿ ಎಂದರು. ಮನಸ್ಸು ಮೆತ್ತಗಿರುವ ಸಮಯವಂತೆ! ಆ ಮಾತನ್ನು ನೆನೆದರೆ ಈಗಲೂ ನನ್ನ ಕೈಗೆ ಸಿಕ್ಕಿದ ಪಾತ್ರೆ ಸದ್ದು ಮಾಡುತ್ತದೆ.

ಆಪರೇಷನ್ ದಿನ ದೊಡ್ಡಮ್ಮನ ಸೊಸೆ ಬಾಣಂತನಕ್ಕೆಂದು ಹದಡಿಯ ತವರಿನಲ್ಲಿದ್ದಳು. ಆಸ್ಪತ್ರೆಗೆ ಹೋದವರು ಅಮ್ಮ ಮತ್ತು ನಾನು. ಬಸಣ್ಣ ರಕ್ತ ತರಲು ಓಡಿದ್ದ. ನರ್ಸ್ ಬಂದು, ಮೈಮೇಲೆ ಏನೂ ಇರಬಾರದು, ಕೊರಳಲ್ಲಿರುವುದನ್ನು ತೆಗೆಯಿರಿ ಎಂದಳು. ದೊಡ್ಡಮ್ಮನ ಮುಖ ಬಿಳುಚಿಕೊಂಡಿತು. ಗಂಡ ಸತ್ತ ದಿನ ಕೂಡ ಆ ಕರಡಿಗೆ ಅವರ ಮೈ ಬಿಟ್ಟು ಹೋಗಿರಲಿಲ್ಲ. ದಾರವನ್ನು ತಲೆಯ ಮೇಲಿಂದ ತೆಗೆದು ಸುತ್ತ ನೋಡಿದರು.

"ಎಸ್ತೇರಿ, ಕೈ ಒಡ್ಡು."

ಅಮ್ಮ ಎರಡೂ ಕೈ ಜೋಡಿಸಿ ಒಡ್ಡಿದರು.

"ನೆಲಕ್ಕ ಇಡಬ್ಯಾಡ. ಚೀಲದಾಗ ಹಾಕಬ್ಯಾಡ. ಹಿಂಗೇ ಹಿಡ್ಕೊಂಡಿರು. ನಾ ಎದ್ದು ಬಂದ್ರ ನನಗ ಕೊಡು, ಬರ್ಲಿಲ್ಲಂದ್ರ ನನ್ನ ಜೊತಿಗೇ ಕಳಿಸು ಅಂತ ಬಸಣ್ಣಗ ಹೇಳು."

"ಬರ್ತೀಯ ಕಣಕ್ಕ. ಸುಮ್ನಿರು" ಎಂದರು ಅಮ್ಮ.

ಎರಡು ಗಂಟೆ ಹೊತ್ತು ಅಮ್ಮ ಆ ಬೆಂಚಿನ ಮೇಲೆ ಕೂತಿದ್ದರು. ಕೈ ಎದೆಯ ಮುಂದೆ, ಬೊಗಸೆಯಲ್ಲಿ ಕರಡಿಗೆ. ಪಕ್ಕದ ಚೀಲದಲ್ಲಿ ಆ ಕರಪತ್ರ ಮಡಚಿದ್ದು ಮಡಚಿದಂತೆಯೇ ಇತ್ತು. ಮೂಗು ತುರಿಸಿದರೆ ಅದನ್ನು ಕೆರೆಯಲು ನನಗೆ ಹೇಳಿದರು. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, "ಯೇಸುವೇ, ಯೇಸುವೇ" ಎನ್ನುತ್ತಿದ್ದರು. ಅವರಿಗೆ ಬರುತ್ತಿದ್ದ ಪ್ರಾರ್ಥನೆ ಅದೊಂದೇ, ಅದನ್ನೇ ಮಾಡಿದರು. ಅಷ್ಟರಲ್ಲಿ, ನೋಡಿ, ನಮ್ಮ ಪಾಸ್ಟರ್ ಬಂದರು! ಕರೆಯದೆಯೇ ಹೋಗುವ ಅವರ ಒಳ್ಳೆಯ ಗುಣ ಅವತ್ತು ಹರಿಹರದಿಂದ ದಾವಣಗೆರೆವರೆಗೆ ಬಸ್ಸಿನಲ್ಲಿ ಬಂದಿತ್ತು. ಮೆಟ್ಟಿಲು ಹತ್ತಿ ಬಂದವರು ಸಭಾಹಿರಿಯರ ಹೆಂಡತಿಯ ಬೊಗಸೆಯಲ್ಲಿ ಏನಿದೆ ಎಂದು ನೋಡಿದರು. ಅಮ್ಮ ಏಳಲಿಲ್ಲ. ಎದ್ದರೆ ಕೈ ಅಲುಗೀತು ಎಂದು. ಪಾಸ್ಟರ್ ಬಂದ ಮೆಟ್ಟಿಲನ್ನೇ ಇಳಿದು ಹೋದರು.

ದೊಡ್ಡಮ್ಮ ಎದ್ದು ಬಂದರು. ಗಡ್ಡೆ ಕೆಟ್ಟದ್ದಲ್ಲ ಎಂದೂ ತಿಳಿಯಿತು. ಏನಾದರೂ ಕುಡಿಸಬಹುದು ಎಂದು ಡಾಕ್ಟರು ಹೇಳಿದ ದಿನ ಅಮ್ಮ ಆ ಬಟ್ಟೆ ಸುತ್ತಿದ ಬಾಣಲೆಯಲ್ಲೇ ಗಂಜಿ ಕಾಯಿಸಿ ತಂದರು. ಕೊಡಲೋ ಬೇಡವೋ ಎಂದು ಲೋಟ ಹಿಡಿದು ನಿಂತಿದ್ದರು. ದೊಡ್ಡಮ್ಮ ತಾವೇ ಕೈ ಚಾಚಿ ತೆಗೆದುಕೊಂಡು, ಕರಡಿಗೆಗೆ ತೋರಿಸಿ, ಗಟಗಟನೆ ಕುಡಿದರು. ಮೂಗು ಒರೆಸಿಕೊಂಡು, "ಉಪ್ಪು ಕಡಿಮಿ ಐತಿ" ಎಂದರು. ಇಷ್ಟು ವರ್ಷದಲ್ಲಿ ನಮ್ಮ ಮನೆಯ ಅಡುಗೆಗೆ ಅವರಿಟ್ಟ ಮೊದಲ ಹೆಸರು ಅದು. ಅಮ್ಮ ಅಳುತ್ತ ನಕ್ಕರು.

ಆಮೇಲೆ ದೊಡ್ಡಮ್ಮ ಕೇಳಿದರು, "ನಿನ್ನೆ ಬುಧವಾರ ಅಲ್ಲೇನು? ಗುರುಗಳ ಬುತ್ತಿ ಹೆಂಗ ಮಾಡಿದ್ರಿ?"

"ನಾನೇ ಬಡಿದೆ ಅಕ್ಕ. ಹೆಂಗೋ ಆಯ್ತು."

"ಅಯ್ಯೋ, ಮದ್ಲನೇ ರೊಟ್ಟಿ ಹಾಕಿದ್ಯೋ ಇಲ್ವೋ?"

"ಮೊದಲನೇದು ಅಂದ್ರೆ?"

"ಲಿಂಗಕ್ಕ ತೋರಿಸಿದ್ದು. ಅದು ನಾ ಬುಧವಾರ ಗುರುಗಳ ಬುತ್ತಿಗೇ ಹಾಕ್ತಿದ್ದೆ. ಬ್ಯಾರೆ ದಿನ ನಮ್ಮ ಬುಟ್ಟಿಗೆ. ದೇವ್ರ ಕೆಲ್ಸ ಮಾಡೋ ಮನುಷ್ಯಗ ಬರೇ ರೊಟ್ಟಿ ಹೆಂಗ ಕಳಿಸೋದು ಎಸ್ತೇರಿ? ಮರ್ಯಾದಿ ಬ್ಯಾಡೇನು?"

ಅಮ್ಮನೂ ನಾನೂ ಮುಖ ಮುಖ ನೋಡಿಕೊಂಡೆವು. ಒಂದು ವರ್ಷ! ಪ್ರತಿ ಬುಧವಾರ, ಬುತ್ತಿಯ ಮೇಲೆ, ಎಲ್ಲಕ್ಕಿಂತ ಉಬ್ಬಿದ ಆ ರೊಟ್ಟಿ. ಆಶೀರ್ವಾದ ಇದೆ ಎಂದರಲ್ಲ, ಆ ರೊಟ್ಟಿ. ಗೌರವದಿಂದ ಒಬ್ಬರು ಮಾಡಿದ್ದು, ಸಂತೋಷದಿಂದ ಇನ್ನೊಬ್ಬರು ಉಂಡಿದ್ದು, ನಡುವೆ ನಮ್ಮ ಅಮ್ಮ ಹೊಗಳಿಸಿಕೊಂಡಿದ್ದು. ಆಸ್ಪತ್ರೆಯಿಂದ ಹೊರಗೆ ಬಂದು ಆಟೋ ಹತ್ತುವ ತನಕ ತಡೆದುಕೊಂಡಿದ್ದ ನಗು, ಹತ್ತಿದ ಮೇಲೆ ಇಬ್ಬರಿಗೂ ತಡೆಯಲಿಲ್ಲ. ಆಟೋದವನು ಎರಡು ಸಲ ಹಿಂದೆ ತಿರುಗಿ ನೋಡಿದ.

ನಗು ಶನಿವಾರದ ತನಕ ಮಾತ್ರ ಇತ್ತು. ಶನಿವಾರ ಅಪ್ಪ ಹಿರಿಯರ ಕೂಟ ಮುಗಿಸಿ ಬಂದು, ಶೂ ಬಿಚ್ಚದೆ ಕುರ್ಚಿಯಲ್ಲಿ ಕೂತರು. ಮುಂದಿನ ತಿಂಗಳ ಮೊದಲ ಭಾನುವಾರ ಕರ್ತರ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚುವ ಆರಾಧನೆ. ಎಸ್ತೇರಮ್ಮ ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುವ ತನಕ ರೊಟ್ಟಿ ದ್ರಾಕ್ಷಾರಸಕ್ಕೆ ಬರುವುದು ಬೇಡ ಎಂದು ಪಾಸ್ಟರ್ ಹೇಳಿದ್ದರು. ಅಪ್ಪ ಒಪ್ಪಿ ಬಂದಿದ್ದರು.

"ಏನ್ ತಪ್ಪು ಮಾಡಿದ್ದೀನಿ?" ಎಂದರು ಅಮ್ಮ.

"ವಿಗ್ರಹ ಹಿಡ್ಕೊಂಡು ಪ್ರಾರ್ಥನೆ ಮಾಡಿದ್ಯಂತಲ್ಲ."

"ಗಿರಿಜಕ್ಕನ್ನ ಹಿಡ್ಕೊಂಡಿದ್ದೆ ರೀ" ಎಂದರು ಅಮ್ಮ. ಅದಕ್ಕಿಂತ ಹೆಚ್ಚು ವಾದ ಅವರಿಗೆ ಬರುತ್ತಿರಲಿಲ್ಲ. ಒಳಗೆ ಹೋಗಿ ಅಕ್ಕಿ ಆರಿಸಲು ಕೂತರು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದರು. ಮದುವೆಯಾದಾಗಿನಿಂದ ಒಂದು ಸಲವೂ ಕರ್ತರ ಭೋಜನ ತಪ್ಪಿಸದವರು. ನಾನು ಹುಟ್ಟಿದ ಮೂರನೆಯ ವಾರವೇ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿದ್ದವರು. ಅವರಿಗೆ ಅದು ಮರ್ಯಾದೆಯ ಪ್ರಶ್ನೆಯಲ್ಲ, ತಿಂಗಳಿಗೊಮ್ಮೆ ಉಸಿರಾಡಿದಂತೆ.

ಮರು ಬುಧವಾರ ಬುತ್ತಿ ತೆಗೆದುಕೊಂಡು ಹೋದಾಗ ನಾನು ಪಾಸ್ಟರ್ ಮೇಜಿನ ಮೇಲೆ ಕ್ಯಾರಿಯರ್ ಇಟ್ಟು ಹೊರಡಲಿಲ್ಲ. ಅವರು ಮುಚ್ಚಳ ತೆಗೆದರು. ಅಮ್ಮ ಬಡಿದ ಶ್ರೀಲಂಕಾ ಕಾಣಿಸಿತು.

"ಎರಡು ವಾರದಿಂದ ರೊಟ್ಟಿ ಬೇರೆ ಥರ ಇದೆಯಲ್ಲ, ಸುಗುಣ?" ಎಂದರು.

"ಹೌದ್ರಿ. ಬಡಿಯೋರು ಆಸ್ಪತ್ರೆಯಾಗ ಅದಾರ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಮೊದಲ ರೊಟ್ಟಿ, ಕರಡಿಗೆ, ಒಂದು ವರ್ಷದ ಬುಧವಾರಗಳು. ಹೇಳುವಾಗ ನನಗೆ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಪಾಸ್ಟರ್ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. "ನನಗೆ ತಿಳಿದಿರಲಿಲ್ಲ. ತಿಳಿಯದೆ ಉಂಡದ್ದನ್ನು ದೇವರು ಪಾಪವೆಂದು ಹಿಡಿಯುವುದಿಲ್ಲ" ಎಂದರು.

"ತಿಳಿದವ್ರನ್ನಷ್ಟೇ ಹಿಡಿಯೋದಾದ್ರ, ಗಿರಿಜಮ್ಮ ದೊಡ್ಡಮ್ಮನ್ನ ಯಾಕ್ ಹಿಡಿತಾನ್ರಿ ದೇವ್ರು? ಅವ್ರಿಗೇನ್ ತಿಳಿದೈತೆ? ಅವರತ್ತಿ ಹೇಳಿಕೊಟ್ಟಂಗ ನಡ್ಕೊಂಡು ಬಂದಾರ."

"ಅದು ಬೇರೆ ವಿಷಯ, ಸುಗುಣ."

"ಏನ್ ಬ್ಯಾರೆ ಹೇಳ್ರಿ?"

ಪಾಸ್ಟರ್ ಕ್ಯಾರಿಯರಿನ ಮುಚ್ಚಳ ಮುಚ್ಚಿ ನನ್ನ ಕಡೆಗೆ ಸರಿಸಿದರು. ತಮಗೆ ಬೇಕಾದ ಕ್ಷಮೆಯನ್ನು ಅರ್ಧ ನಿಮಿಷದಲ್ಲಿ ಹುಡುಕಿಕೊಂಡ ಮನುಷ್ಯನಿಗೆ ಅದೇ ಕ್ಷಮೆಯಲ್ಲಿ ಇನ್ನೊಬ್ಬಳಿಗೆ ಒಂದು ಚೂರು ಮುರಿದುಕೊಡಲು ಆಗಲಿಲ್ಲ. ಅಷ್ಟು ಓದಿದ್ದರು, ಎಷ್ಟೋ ದೇಶಗಳ ದೇವಜ್ಞಾನಿಗಳ ಪುಸ್ತಕಗಳು ಹಿಂದಿನ ಕಪಾಟಿನಲ್ಲೇ ಇದ್ದವು. ಕೊನೆಗೆ ಅವರು ದನಿ ತಗ್ಗಿಸಿ ಹೇಳಿದ್ದು ಇಷ್ಟು: "ಇದು ಸಭೆಯಲ್ಲಿ ಯಾರಿಗೂ ತಿಳಿಯುವುದು ಬೇಡ. ತಾಯಿಯವರು ಭೋಜನಕ್ಕೆ ಬರಲಿ. ನಾನು ಹಿರಿಯರಿಗೆ ಹೇಳುತ್ತೇನೆ."

ನಾನು ಒಪ್ಪಿದೆ. ಬರೆಯುವಾಗಲೂ ನನ್ನ ಕೈ ನಾಚುತ್ತದೆ, ಆದರೆ ಒಪ್ಪಿದೆ. ಎದ್ದು ನಿಂತು ಎಲ್ಲರ ಮುಂದೆ ಹೇಳುತ್ತೇನೆ ಎಂದು ಬಸ್ಸಿನಲ್ಲಿ ಹದಿನೈದು ಸಲ ಅಭ್ಯಾಸ ಮಾಡಿಕೊಂಡು ಹೋಗಿದ್ದ ಶೂರೆ, ಅಮ್ಮನ ಜಾಗ ಸಿಕ್ಕಿದರೆ ಸಾಕು ಎಂದು ಬಾಯಿ ಮುಚ್ಚಿಕೊಂಡು ಬಂದೆ.

ಭಾನುವಾರ ಅಮ್ಮ ಭೋಜನದ ಮೇಜಿಗೆ ಹೋದರು. ಪಾಸ್ಟರ್ ರೊಟ್ಟಿಯ ತುಂಡನ್ನು ಅವರ ಕೈಗಿಟ್ಟರು. ಮನೆಗೆ ಹೊರಟಾಗ ಅಮ್ಮ ಬಸ್ಸಿನಲ್ಲಿ ನನ್ನನ್ನು ಕೇಳಿದರು, "ಅವ್ರಿಗೆ ಏನ್ ಹೇಳ್ದೆ ನೀನು? ಹಂಗೆಲ್ಲ ಮನಸ್ಸು ಬದಲಾಯಿಸೋರಲ್ಲ ಅವ್ರು." ನಾನು ಹೇಳಿದೆ. ಶಹಬ್ಬಾಸ್ ಎನ್ನುತ್ತಾರೆ ಎಂದುಕೊಂಡಿದ್ದೆ. ಅಮ್ಮನ ಮುಖ ಗಂಟಿಕ್ಕಿತು.

"ನನ್ನ ಜಾಗನ ನೀನ್ಯಾಕೆ ಬೇಡಿ ತಂದೆ? ಗಿರಿಜಕ್ಕನ್ನ ಹೊರಗೇ ಬಿಟ್ಟು, ನನ್ನೊಬ್ಬಳನ್ನ ಒಳಗೆ ಬಿಡು ಅಂತ ಬೇಡಿದ್ಯಾ? ನಾನು ಬಾಗಿಲ ಹತ್ರ ನಿಂತಿರ್ತಿದ್ದೆ. ಎಷ್ಟು ಹೊತ್ತು ಬೇಕಾದ್ರೂ ನಿಂತಿರ್ತಿದ್ದೆ."

ದಾವಣಗೆರೆ ಬರುವ ತನಕ ಅವರು ಕಿಟಕಿಯ ಕಡೆಗೇ ತಿರುಗಿ ಕೂತಿದ್ದರು. ನನ್ನ ಮೇಲೆ ಅಮ್ಮ ಅಷ್ಟು ಸಿಟ್ಟಾಗಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಬುಧವಾರದ ಬುತ್ತಿ ನಿಂತಿತು. ಇನ್ನು ಮುಂದೆ ತಾವೇ ಅಡುಗೆ ಕಲಿಯುತ್ತೇನೆ ಎಂದು ಪಾಸ್ಟರ್ ಸಭೆಯಲ್ಲಿ ಹೇಳಿದರು. ಎಲ್ಲರೂ ಅವರ ಸರಳತೆಯನ್ನು ಮೆಚ್ಚಿಕೊಂಡರು! ನಾನು ಹಲ್ಲು ಕಚ್ಚಿ ಕೂತಿದ್ದೆ.

ಒಂದೂವರೆ ತಿಂಗಳ ಮೇಲೆ ಒಂದು ಬೆಳಗ್ಗೆ ಗೋಡೆಯಾಚೆ ಮತ್ತೆ ತಟ್‌ತಟ್ ಸದ್ದು. ಮೊದಲಿನ ಹದವಿಲ್ಲ, ನಡುನಡುವೆ ನಿಂತು ನಿಂತು ಬರುತ್ತಿತ್ತು. ಅಮ್ಮ ಓಡಿದರು. ದೊಡ್ಡಮ್ಮ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಒಲೆಯ ಮುಂದೆ ಕೂತಿದ್ದರು.

"ಯಾಕ್ ಅಕ್ಕಾ, ಹೊಲಿಗೆ ಬಿಚ್ಕೊಂಡ್ರೆ?"

"ಇವತ್ತು ಬುಧವಾರ ಅಲ್ಲೇನು? ಆ ಗುರುಗಳು ನನ್ನ ನೋಡಾಕ ಹರಿಹರದಿಂದ ಆಸ್ಪತ್ರಿಗೆ ಬಂದಿದ್ರಂತ. ನರ್ಸಮ್ಮ ಹೇಳಿದ್ಲು. ಅಂಥ ಮನುಷ್ಯಗ ಎಷ್ಟು ದಿನ ನಿನ್ನ ನಕಾಶೆ ತಿನಿಸ್ಲಿ?"

ಅಮ್ಮ ನನ್ನ ಕಡೆ ನೋಡಿದರು. ಹೇಳಲು ಎಷ್ಟೋ ಇತ್ತು. ಅಮ್ಮ ಹೇಳಿದ್ದು, "ಅವ್ರಿಗೆ ವರ್ಗ ಆಯ್ತು ಕಣಕ್ಕ."

"ಹೌದಾ? ಬುತ್ತಿ ಇಲ್ದಂಗ ಹೋದ್ರಾ?" ದೊಡ್ಡಮ್ಮ ಒಂದು ಕ್ಷಣ ಕೈಯಲ್ಲಿದ್ದ ಮೊದಲ ರೊಟ್ಟಿಯನ್ನು ನೋಡಿದರು. ಆಮೇಲೆ ಅದನ್ನು ಕರಡಿಗೆಯ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. "ಎಲ್ಲೇ ಇರ್ಲಿ, ಹೊಟ್ಟಿ ತುಂಬ ಉಣ್ಲಿ ಶಿವನೇ" ಎಂದರು. ರೊಟ್ಟಿಯನ್ನು ನನ್ನ ಕೈಗೆ ಕೊಟ್ಟು, "ತಗೋ ಸುಗುಣಿ, ಇದು ಗುರುಗಳ ಪಾಲು. ನೀ ತಿನ್ನು" ಎಂದರು.

ಅದು ಬಿಸಿ ಇತ್ತು. ಬಾಯಿಗಿಡಲು ಆಗದೆ ಎದೆಯ ಹತ್ತಿರ ಹಿಡಿದುಕೊಂಡು ನಿಂತಿದ್ದೆ. ಅಲ್ಲಿಂದ ಶುರುವಾದದ್ದು, ಇವತ್ತಿಗೂ ಕೈ ಅಲ್ಲೇ ನಿಲ್ಲುತ್ತದೆ. ಪಾಸ್ಟರ್ ನಿಜವಾಗಿ ವರ್ಗವಾಗಿ ಹೋಗುವ ತನಕ, ಎರಡು ವರ್ಷ, ದೊಡ್ಡಮ್ಮ ಆಗಾಗ ಅವರ ಕ್ಷೇಮ ಕೇಳುತ್ತಿದ್ದರು. ಅಮ್ಮ ಗದಗ ಎಂದು, ಬಳ್ಳಾರಿ ಎಂದು, ಒಮ್ಮೆ ಮರೆತು ಮಡಿಕೇರಿ ಎಂದು ಊರು ಊರು ಸುತ್ತಿಸುತ್ತಿದ್ದರು. ಭಾನುವಾರ ಬಂದರೆ ಅದೇ ಪಾಸ್ಟರ್ ಹರಿಹರದಲ್ಲಿ ನಮ್ಮೆದುರೇ ನಿಂತು ಬಾಗಿಲು ಒಂದೇ ಎನ್ನುತ್ತಿದ್ದರು.

ಮೊನ್ನೆ ಭಾನುವಾರ ಆರಾಧನೆ ಮುಗಿದ ಮೇಲೆ ಶೀಬಾಳನ್ನು ಕರೆದು ಚರ್ಚಿನ ಹಿಂದಿನ ಕಟ್ಟೆಯ ಮೇಲೆ ಕೂರಿಸಿಕೊಂಡೆ. ಉಪ್ಪಿನ ವಾಸನೆ ಸುಳ್ಳು ಎಂದೆ. ಅವತ್ತು ಎದ್ದು ನಿಂತು ಹೇಳದೇ ಹೋದದ್ದನ್ನೆಲ್ಲ ಅವಳೊಬ್ಬಳಿಗೆ ಹೇಳಿದೆ. ಬುತ್ತಿ, ಚೀಟಿ, ಬೆಂಚು, ಬಾಣಲೆ, ನನ್ನ ಒಪ್ಪಂದ, ಏನೂ ಬಿಡಲಿಲ್ಲ. ಕೊನೆಗೆ ಮೆಲ್ಲಗೆ ಕೇಳಿದಳು.

"ಆ ದೊಡ್ಡಮ್ಮ ಈಗ ಎಲ್ಲಿದಾರ್ರಿ ಆಂಟಿ?"

ಅವಳು ಕೇಳಿದ್ದು ಯಾವ ಬೀದಿ, ಯಾವ ಮನೆ ಎಂದು. ದೊಡ್ಡಮ್ಮ ತೀರಿಕೊಂಡು ಒಂಬತ್ತು ವರ್ಷವಾಯಿತು. ಅದಕ್ಕೆ ಎರಡು ವರ್ಷ ಮೊದಲೇ ಅಮ್ಮ ಹೋಗಿದ್ದರು.

"ನಮ್ಮಮ್ಮ ಇರೋ ಕಡೆ" ಎಂದೆ.

ನಾನೂ ತಡಮಾಡಲಿಲ್ಲ. ಅಮ್ಮ ನನಗೆ ಗೊತ್ತು. ಗಿರಿಜಕ್ಕ ಬರಲಿ ಎಂದು ಆ ಎರಡು ವರ್ಷವೂ ಬಾಗಿಲ ಹತ್ತಿರವೇ ನಿಂತಿರುತ್ತಾರೆ.